ಸುಣ್ಣದ ಗೆರೆ

ಕಾಗದದಲ್ಲಿ ಅವರು ಮೈದಾನದ ಜವಾನ.
ಹನ್ನೊಂದು ವರ್ಷ ಹಾಗೇ.
ರುಜಾರ ಸಿದ್ದಿ. ಊರು ಹಳಿಯಾಳದ ಆಚೆ,
ಬಸ್ಸು ಇಳಿದು ಎರಡು ತಾಸು ನಡೆದರೆ ಇಪ್ಪತ್ತು ಮನೆ.
ಕೆಲಸ, ಹುಲ್ಲು ಹೆರೆಯುವುದು, ಸುಣ್ಣ ಎಳೆಯುವುದು,
ಸಂಜೆ ಚೆಂಡು ಎಣಿಸಿ ಬೀಗ ಹಾಕುವುದು.
ಕೋಚು ಎಂದು ಸಹಿ ಮಾಡುತ್ತಿದ್ದವರು ಬೇರೆ.
ಅವರಿಗೆ ಬಿಸಿಲು ಆಗುತ್ತಿರಲಿಲ್ಲ.

ನಾನು ಗೋಲಿ, ಬೈತಕೋಲಿನ ಹರಿಕಂತ್ರರ ಹುಡುಗ.
ಚೆಂಡು ನೋಡಬೇಡ ತಮಾ, ಎನ್ನುತ್ತಿದ್ದರು,
ಒದೆಯುವವನ ಮೊಣಕಾಲು ನೋಡು.
ಚೆಂಡು ಸುಳ್ಳು ಹೇಳ್ತದೆ.
ಮತ್ತೆ, ನಾಲ್ಕು ಹೊಡೆದ ಮೇಲೆ ಗಾಳಿ ಪಡುವಣದ್ದು,
ಅವನೂ ಒಬ್ಬ ಆಟಗಾರ,
ಟಾಸು ಗೆದ್ದರೆ ಮೊದಲು ಅವನನ್ನು ಕರೆದುಕೋ.

ಗೋಲಿನ ಬಲೆಗೆ ಕಾಲೇಜು ದುಡ್ಡು ಕೊಡಲಿಲ್ಲ.
ನಮ್ಮ ಅಟ್ಟದ ಮೇಲೆ ಹರಿದ ರಂಪಣಿ ಬಿದ್ದಿತ್ತು,
ಟ್ರಾಲರು ಬಂದ ಮೇಲೆ ಯಾರಿಗೂ ಬೇಡದ್ದು.
ಅಪ್ಪನೂ ಅವರೂ ಮೂರು ರಾತ್ರಿ ಕೂತು ಹೆಣೆದರು.
ಅಪ್ಪನಿಗೆ ಫುಟ್ಬಾಲು ಗೊತ್ತಿಲ್ಲ, ಅವರಿಗೆ ಕಡಲು ಗೊತ್ತಿಲ್ಲ,
ಗಂಟು ಇಬ್ಬರಿಗೂ ಗೊತ್ತಿತ್ತು.
ಮಳೆ ಬಿದ್ದರೆ ನಮ್ಮ ಗೋಲಿನಲ್ಲಿ ಬಂಗಡೆಯ ವಾಸನೆ;
ಮೂಗು ಮುಚ್ಚಿಕೊಂಡು ಒದ್ದವರ ಚೆಂಡು
ಅಷ್ಟಕ್ಕೇ ಎಷ್ಟೋ ಸಲ ಹೊರಗೆ.

ಒಂದು ಮಾರ್ಚಿಯಲ್ಲಿ ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟಿತು,
ಸರಿಯಾಗಿ ಬದಿಯ ಗೆರೆಯ ಮೇಲೆ.
ರುಜಾರಣ್ಣ ಗೆರೆಯನ್ನೇ ಬಾಗಿಸಿದರು.
ಕೈ ತುಂಬ ಸುಣ್ಣ, ಮೊಣಕೈವರೆಗೆ ಬಿಳಿ,
ತಲೆಯ ಮೇಲೆ ಹಕ್ಕಿಯ ಬೈಗುಳ.
ಅಂಕೋಲೆಯ ತಂಡ ದೂರು ಬರೆಯಿತು.
ಇಪ್ಪತ್ತೆಂಟು ದಿನ ಹಾಗೇ ಆಡಿದೆವು.

ಧಾರವಾಡದ ಗೇಟಿನಲ್ಲಿ ಕಾವಲುಗಾರ ತಡೆದ.
ಯಾವ ದೇಶ?
ಹಳಿಯಾಳ ತಾಲೂಕು.
ಎಲ್ಲಿ ಬರ್ತದ ಅದು, ಆಫ್ರಿಕಾದಾಗ?
ಇಲ್ಲೇ, ಬಸ್ಸಿಗೆ ಒಂದು ತಾಸು.
ಒಳಗೆ ಪ್ರೊಫೆಸರೊಬ್ಬರು ಬೆನ್ನು ತಟ್ಟಿದರು,
ಭಾಳ ಛಲೋ ಕಲ್ತೀರಿ ಕನ್ನಡ!
ರುಜಾರಣ್ಣ ಕೈ ಮುಗಿದರು, ನೀವೂ.

ನಾವು ಬಿದ್ದು ಬಿದ್ದು ನಕ್ಕೆವು. ಅವರು ನಗಲಿಲ್ಲ.
ಎಷ್ಟೋ ದಿನದ ಮೇಲೆ ಕೋಡಿಬಾಗದ ಸೇತುವೆಯ ಮೇಲೆ
ಸೈಕಲ್ಲು ನಿಲ್ಲಿಸಿ ಕೆಳಗೆ ತೋರಿಸಿದರು,
ಈ ಕಾಳಿ ನಮ್ಮ ಕಾಡಿಂದ ಬರ್ತದೆ.
ಇದನ್ನು ಯಾರಾದರೂ ತಡೆದು ಕೇಳ್ತಾರೇನು, ಯಾವ ದೇಶ ಅಂತ?
ಆಮೇಲೆ ನೆನಪಾಗಿ,
ತಡೀತಾರೆ, ಸೂಪಾದಲ್ಲಿ ಅಣೆಕಟ್ಟು ಉಂಟು.

ವಾರ್ಷಿಕೋತ್ಸವಕ್ಕೆ ಪ್ರಾಂಶುಪಾಲರು ಹೇಳಿ ಕಳಿಸಿದರು,
ನಿಮ್ಮವರ ಡಮಾಮಿ ಕುಣಿತ ಇರಲಿ, ಎಲೆಯ ಉಡುಪು ಕಟ್ಟಿಕೊಂಡು.
ಕುಣಿಯುತ್ತೇವೆ ಸಾರ್, ಮನೆಯಲ್ಲಿ, ಮದುವೆಗೆ, ಪಂಚೆ ಉಟ್ಟು.
ಇಲ್ಲಿ ನನಗೆ ಹನ್ನೊಂದು ಜೊತೆ ಬೂಟು ಬೇಕು.
ಏಳು ಜೊತೆ ಬಂತು.

ಫೈನಲು ಸೋತೆವು, ಎರಡು ಒಂದು.
ಎರಡನೆಯದು ನನ್ನ ಕಾಲ ಸಂದಿಯಿಂದ.
ಮೊಣಕಾಲನ್ನೇ ನೋಡಿದ್ದೆ. ಆ ಹುಡುಗ ಎಡಗಾಲಿನವ.
ಒದ್ದೆ ಜರ್ಸಿಯಲ್ಲಿ ಮುಖ ಮುಚ್ಚಿ ಕೂತವನ ಪಕ್ಕ
ಬಂದು ಕುಕ್ಕರಗಾಲಲ್ಲಿ ಕೂತರು.
ಎಡಗಾಲಿನವರದ್ದು ನಾನು ಹೇಳಿಕೊಟ್ಟಿರಲಿಲ್ಲ.
ಅದು ನನ್ನ ಲೆಕ್ಕಕ್ಕೆ ಬರೆದುಕೋ.

ಹನ್ನೆರಡನೆಯ ವರ್ಷ ಆದೇಶ ಬಂತು, ತರಬೇತುದಾರ, ಹಂಗಾಮಿ.
ಜಿಲ್ಲೆಯ ಕಾಲೇಜುಗಳಲ್ಲಿ ಅವರ ಜನದಲ್ಲಿ ಮೊದಲನೆಯವರು
ಎಂದು ಯಾರೋ ಪೇಪರಿಗೆ ಹಾಕಿಸಿದರು, ಹೆಸರು ರಾಜಾರಾಮ ಎಂದು ಅಚ್ಚಾಯಿತು.
ಆದೇಶ ಮಡಚಿ ಜೇಬಿಗಿಟ್ಟು
ಸುಣ್ಣದ ಬಕೆಟ್ಟು ಎತ್ತಿಕೊಂಡರು.
ಹೊಸ ಜವಾನ ಇನ್ನೂ ಬಂದಿರಲಿಲ್ಲ.

ಮೊನ್ನೆ ಮಗಳ ಫೀ ಕಟ್ಟಲು ಹೋದೆ.
ಜಿಮಖಾನೆಯ ಗೋಡೆಗೆ ಕೋಚುಗಳ ಹೆಸರಿನ ಹಲಗೆ.
ಮೊದಲ ಹೆಸರು ದಾಮೋದರ ಬಾನಾವಳಿಕರ,
ನಮ್ಮ ಕಪ್ತಾನ, ಅವರ ನಂತರ ಬಂದವನು.
ಅದರ ಮೇಲೆ ನಾಲ್ಕು ಬೆರಳು ಖಾಲಿ.
ಪೇಂಟರನ ಅಳತೆ ತಪ್ಪಿದ್ದಲ್ಲ,
ದಾಮೋದರನೇ ಬಿಡಿಸಿದ್ದಂತೆ.
ಆಫೀಸಿನಲ್ಲಿ ಕೇಳಿದೆ.
ಹಂಗಾಮಿಗಳ ಕಡತ ಗೆದ್ದಲು ತಿಂದಿದೆ, ಸಾಕ್ಷಿ ಇದ್ದರೆ ತನ್ನಿ.

ಹೊರಗೆ ಬಂದೆ. ಗಾಳಿ ತಿರುಗಿತ್ತು.
ಹುಡುಗಿಯರ ತಂಡಕ್ಕೆ ಅಭ್ಯಾಸ, ಗೋಲಿನಲ್ಲಿ ನನ್ನ ಮಗಳು,
ಎದುರು ಉದ್ದಗಾಲಿನ ಹುಡುಗಿ ಚೆಂಡು ಇಟ್ಟು ಹಿಂದೆ ಸರಿದಳು.

ಮಗಳು ಚೆಂಡು ನೋಡುತ್ತಿರಲಿಲ್ಲ.